ಉರಿಯುವ ಮೇಣದಬತ್ತಿಯ ಮೇಲೆ ಲೋಟ ಬೋರಲು ಹಾಕಿದಾಗ ನೀರು ಏರುವುದೇಕೆ? ಎಂಟನೆಯ ತರಗತಿಯ ದಹನದ ಪಾಠದ ಕುರಿತು

ವಿಜ್ಞಾನ ಶಿಕ್ಷಕಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ದಹನದ ಪಾಠಕ್ಕೆ ಬಂದಾಗ ನಾನು ಪ್ರತಿ ವರ್ಷವೂ ತಪ್ಪದೆ ಮಾಡಿ ತೋರಿಸುವ ಒಂದು ಪ್ರಯೋಗವಿದೆ. ತಟ್ಟೆಯ ನಡುವೆ ಮೇಣದಬತ್ತಿಯನ್ನು ನಿಲ್ಲಿಸಿ, ಸುತ್ತಲೂ ಒಂದಿಷ್ಟು ಕುಂಕುಮ ಕದಡಿದ ನೀರು ಹಾಕಿ, ಬತ್ತಿ ಹೊತ್ತಿಸಿ, ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುತ್ತೇನೆ. ಕೆಲವೇ ಕ್ಷಣಗಳಲ್ಲಿ ಜ್ವಾಲೆ ಕುಗ್ಗಿ ಆರುತ್ತದೆ, ಕೆಂಪು ನೀರು ಲೋಟದೊಳಗೆ ಏರುತ್ತದೆ. "ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕವಿದೆ, ಅದು ಖರ್ಚಾಯಿತು, ಆ ಜಾಗವನ್ನು ನೀರು ತುಂಬಿತು" ಎಂದು ಹೇಳಿ ಮುಂದಿನ ಭಾಗಕ್ಕೆ ಹೋಗುತ್ತಿದ್ದೆ. ನನಗೂ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದರು.

ಈ ಸಲ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ಆಯಿತು ಎಂದು ನೀವೇ ನಿನ್ನೆ ಹೇಳಿದಿರಿ. ಅದೂ ಅನಿಲವೇ ತಾನೇ? ಒಂದು ಹೋಗಿ ಇನ್ನೊಂದು ಬಂದ ಮೇಲೆ ನೀರಿಗೆ ಜಾಗ ಎಲ್ಲಿಂದ ಸಿಕ್ಕಿತು?" ಎಂದು ಕೇಳಿದಳು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ ಎಂದು ಹೇಳಿ ಅವಳನ್ನು ಕೂರಿಸಿದೆ. ಅವಳೇನೋ ಕೂತಳು, ಆದರೆ ಉತ್ತರವನ್ನು ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಒಪ್ಪಿರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಅನುಮಾನ ಸರಿಯಾಗಿದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುವುದು ನಿಜವಾದರೂ, ಅಲುಗಾಡದೆ ನಿಂತ ತಟ್ಟೆ ನೀರಿನಲ್ಲಿ ಅದು ನಿಧಾನವಾಗಿ ನಡೆಯುವ ಕೆಲಸ. ನಾಲ್ಕಾರು ಸೆಕೆಂಡುಗಳಲ್ಲಿ ಬೆರಳಗಲದಷ್ಟು ನೀರನ್ನು ಮೇಲೆಳೆಯುವಷ್ಟು ಅನಿಲ ಕರಗಿಹೋಗಲಾರದು.

ಮೊದಲು ಲೆಕ್ಕ ನೋಡೋಣ. ಮೇಣವೆಂದರೆ ಉದ್ದನೆಯ ಹೈಡ್ರೋಕಾರ್ಬನ್ ಅಣುಗಳ ಮಿಶ್ರಣ. ಮಾದರಿಗಾಗಿ 25 ಇಂಗಾಲ ಮತ್ತು 52 ಜಲಜನಕ ಪರಮಾಣುಗಳಿರುವ ಒಂದು ಅಣುವನ್ನು ತೆಗೆದುಕೊಳ್ಳಿ. ಅದು ಪೂರ್ತಿಯಾಗಿ ಉರಿಯಲು ಆಮ್ಲಜನಕದ 38 ಅಣುಗಳು ಬೇಕು, ಹುಟ್ಟುವುದು ಇಂಗಾಲದ ಡೈಆಕ್ಸೈಡಿನ 25 ಅಣುಗಳು ಮತ್ತು ನೀರಿನ 26 ಅಣುಗಳು. ನೀರಾವಿಯ ಬಹುಪಾಲು ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ, ಲೋಟದ ಒಳಗೆ ಮಂಜು ಕವಿದಂತೆ ಕಾಣುವುದು ಅದೇ. ಆದ್ದರಿಂದ 38 ಪಾಲು ಅನಿಲ ಹೋದಲ್ಲಿ 25 ಪಾಲು ಅನಿಲ ಬರುತ್ತದೆ. ಖರ್ಚಾದ ಆಮ್ಲಜನಕದ ಮೂರನೆಯ ಒಂದು ಭಾಗದಷ್ಟು ಜಾಗ ಮಾತ್ರ ಖಾಲಿಯಾಗುತ್ತದೆ.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಮೇಣದಬತ್ತಿಯು ಲೋಟದಲ್ಲಿನ ಆಮ್ಲಜನಕವನ್ನೆಲ್ಲ ಮುಗಿಸಿ ಆರುವುದಿಲ್ಲ. ಗಾಳಿಯಲ್ಲಿ 21 ಶೇಕಡಾ ಇರುವ ಆಮ್ಲಜನಕ 16ರ ಆಸುಪಾಸಿಗೆ ಇಳಿದರೆ ಸಾಕು, ಜ್ವಾಲೆ ತನ್ನ ಬಿಸಿಯನ್ನು ತಾನು ಉಳಿಸಿಕೊಳ್ಳಲಾರದೆ ಸಾಯುತ್ತದೆ. 500 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಸುಮಾರು 105 ಮಿಲಿಲೀಟರ್ ಆಮ್ಲಜನಕವಿದ್ದರೆ ಅದರಲ್ಲಿ ಖರ್ಚಾಗುವುದು 25 ಮಿಲಿಲೀಟರ್ ಮಾತ್ರ, ಅದಕ್ಕೆ ಬದಲಾಗಿ 16 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಿವ್ವಳ ನಷ್ಟ 9 ಮಿಲಿಲೀಟರ್. ಹತ್ತು ಸೆಂಟಿಮೀಟರ್ ಎತ್ತರದ ಲೋಟದಲ್ಲಿ ಇದು ಎರಡು ಮಿಲಿಮೀಟರ್ ಏರಿಕೆಗೂ ಸಾಲದು. ನಾವು ಕಣ್ಣಾರೆ ಕಾಣುವ ಏರಿಕೆ ಅದರ ಎಷ್ಟೋ ಪಟ್ಟು.

ಉಳಿದದ್ದು ಎಲ್ಲಿಂದ ಬಂತು ಎಂದರೆ, ಬಿಸಿ ಗಾಳಿಯಿಂದ. ಉರಿಯುವ ಬತ್ತಿಯ ಮೇಲೆ ಲೋಟವನ್ನು ಇಳಿಸುವಾಗಲೇ ಅದರೊಳಗೆ ಕಾದು ಹಿಗ್ಗಿದ ಗಾಳಿ ತುಂಬಿಕೊಂಡಿರುತ್ತದೆ. ಇಟ್ಟ ಮೇಲೂ ಅಂಚಿನಿಂದ ಗುಳ್ಳೆಗಳು ಹೊರಬೀಳುವುದನ್ನು ಗಮನಿಸಿದರೆ ಕಾಣಬಹುದು. ಜ್ವಾಲೆ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ವಾಯುಮಂಡಲದ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. 57 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿ 27 ಡಿಗ್ರಿಗೆ ಇಳಿದರೆ ಅದರ ಗಾತ್ರ ಹನ್ನೊಂದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅಂದರೆ ಕೇವಲ 30 ಡಿಗ್ರಿಯ ವ್ಯತ್ಯಾಸವೇ ಅದೇ ಲೋಟದಲ್ಲಿ ನೀರನ್ನು ಒಂಬತ್ತು ಮಿಲಿಮೀಟರ್ ಏರಿಸಬಲ್ಲದು.

ಇದನ್ನು ಮಕ್ಕಳೇ ಪತ್ತೆ ಹಚ್ಚಬಹುದು. ನೀರು ಯಾವಾಗ ಏರುತ್ತದೆ ಎಂದು ನೋಡಲು ಹೇಳಿ. ಆಮ್ಲಜನಕದ ಖರ್ಚೇ ಕಾರಣವಾಗಿದ್ದರೆ ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ನೀರು ಮೆಲ್ಲಗೆ ಏರುತ್ತಾ ಹೋಗಬೇಕಿತ್ತು. ಆದರೆ ಏರಿಕೆಯ ಹೆಚ್ಚಿನ ಭಾಗ ನಡೆಯುವುದು ಬತ್ತಿ ಆರಿದ ಮೇಲೆ.

ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

ಉಪನ್ಯಾಸಕರ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನಾನು ಒಂದು ಮಾತು ಹೇಳಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡಿದವನು ನಾನು. ಹದಿಮೂರು ವರ್ಷದ ಮಗುವಿಗೆ ಮೊದಲು ಮನದಟ್ಟಾಗಬೇಕಾದದ್ದು ಬೆಂಕಿಗೆ ಗಾಳಿ ಬೇಕು ಎಂಬ ಸಂಗತಿ. ಬಚ್ಚಲೊಲೆಗೆ ಊದುಗೊಳವೆಯಲ್ಲಿ ಊದಿದರೆ ಬೆಂಕಿ ಏಳುತ್ತದೆ, ಕೆಂಡದ ಮೇಲೆ ಬೂದಿ ಮುಚ್ಚಿದರೆ ಬೆಳಗಿನವರೆಗೂ ನಿಧಾನಕ್ಕೆ ಬೇಯುತ್ತಿರುತ್ತದೆ, ಲೋಟ ಮುಚ್ಚಿದರೆ ದೀಪ ಆರುತ್ತದೆ. ಈ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರೆ ಪಾಠ ಮುಗಿಯಿತು. ಆವಿಯ ಸಾಂದ್ರೀಕರಣ, ಅನಿಲದ ಸಂಕೋಚನ ಎಂದು ಹೊರಟರೆ ಹಿಂದಿನ ಬೆಂಚಿನವರು ಕಿಟಕಿಯ ಕಡೆ ನೋಡುತ್ತಾರೆ. ಸ್ವಲ್ಪ ಸರಳೀಕರಣ ತಪ್ಪೇನೂ ಅಲ್ಲ.

ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಗುರುಗಳೇ, ನಿಮ್ಮ ಅನುಭವದ ಮುಂದೆ ನಾನು ಕಿರಿಯ. ಬೆಂಕಿಗೆ ಗಾಳಿ ಬೇಕು ಎಂಬುದನ್ನು ತೋರಿಸಲು ಈ ಪ್ರಯೋಗ ಸಾಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರಿರುವುದು "ಐದರಲ್ಲೊಂದು ಪಾಲು" ಎಂಬ ಮಾತಿಗೆ ಮಾತ್ರ. ಸರಳೀಕರಣ ಬೇರೆ, ಬೇರೆ ಕಾರಣದಿಂದ ಬಂದ ಫಲವನ್ನು ನಮಗೆ ಬೇಕಾದ ಕಾರಣದ ಹೆಗಲಿಗೆ ಏರಿಸುವುದು ಬೇರೆ. ಒಂದರ ಬದಲು ನಾಲ್ಕು ಬತ್ತಿ ಹಚ್ಚಿ ಅದೇ ಲೋಟ ಮುಚ್ಚಿದರೆ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಲೋಟದೊಳಗಿನ ಆಮ್ಲಜನಕ ನಾಲ್ಕು ಪಟ್ಟಾಗಲಿಲ್ಲವಲ್ಲ! ಮಗು ಮನೆಯಲ್ಲಿ ಇದನ್ನು ಮಾಡಿ ನೋಡಿದ ದಿನ ನಮ್ಮ ವಿವರಣೆಯ ಜೊತೆಗೆ ನಮ್ಮ ಮೇಲಿನ ನಂಬಿಕೆಯೂ ಕುಸಿಯುತ್ತದೆ.

ಐದರಲ್ಲೊಂದನ್ನು ನಿಜವಾಗಿ ತೋರಿಸಬೇಕೆಂದರೆ ಬೆಂಕಿಯನ್ನೇ ಬಿಟ್ಟು ತುಕ್ಕನ್ನು ಹಿಡಿಯಬೇಕು. ಉಕ್ಕಿನ ನಾರನ್ನು ವಿನೆಗರಿನಲ್ಲಿ ಅದ್ದಿ, ಕೊಡವಿ, ಉದ್ದನೆಯ ಗಾಜಿನ ನಳಿಕೆಯ ತಳದಲ್ಲಿ ಸಿಕ್ಕಿಸಿ, ನಳಿಕೆಯನ್ನು ನೀರಿನಲ್ಲಿ ಬೋರಲು ನಿಲ್ಲಿಸಿ ಮರುದಿನ ಬಂದು ನೋಡಲಿ. ಕಬ್ಬಿಣವು ಆಮ್ಲಜನಕವನ್ನು ಹೀರಿ ಘನರೂಪದ ಆಕ್ಸೈಡ್ ಆಗುತ್ತದೆ, ಅನಿಲವೇನೂ ಮರಳಿ ಬರುವುದಿಲ್ಲ, ಬಿಸಿಯ ಗೊಂದಲವೂ ಇಲ್ಲ. ನೀರು ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ವಿಜ್ಞಾನ ಲೇಖಕಿ, ಮೈಸೂರು

ಈ ಚರ್ಚೆಗೆ ಇತಿಹಾಸದ ಒಂದು ಎಳೆಯನ್ನು ಸೇರಿಸುತ್ತೇನೆ. ಬೋರಲು ಪಾತ್ರೆಯ ಕೆಳಗಿನ ಬತ್ತಿಯ ಪ್ರಯೋಗ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಬೈಜಾಂಟಿಯಮ್ಮಿನ ಫಿಲೋ ಎಂಬ ಗ್ರೀಕ್ ತಂತ್ರಜ್ಞ ಅದನ್ನು ವರ್ಣಿಸಿದ್ದಾನೆ. ಆಗ ಆಮ್ಲಜನಕದ ಹೆಸರೇ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿಯೂ ಹೆಚ್ಚಿನ ರಸಾಯನಜ್ಞರು ನಂಬಿದ್ದು, ಉರಿಯುವ ವಸ್ತುವಿನಿಂದ ಫ್ಲಾಜಿಸ್ಟನ್ ಎಂಬ ಏನೋ ಒಂದು ಹೊರಬೀಳುತ್ತದೆ, ಸುತ್ತಲ ಗಾಳಿ ಅದನ್ನು ಇನ್ನು ಹಿಡಿಯಲಾರದು ಎಂದಾದಾಗ ಬೆಂಕಿ ಆರುತ್ತದೆ ಎಂದು. ಕಟ್ಟಿಗೆ ಉರಿದು ಹಗುರವಾದ ಬೂದಿ ಉಳಿಯುವುದನ್ನು ನೋಡಿದವರಿಗೆ ಇದು ಸಹಜವಾಗಿಯೇ ಕಂಡಿತು.

ಪ್ಯಾರಿಸ್ಸಿನ ಲಾವೋಸಿಯೆಗೆ ತಕ್ಕಡಿಯ ಮೇಲೆ ನಂಬಿಕೆ. 1772ರಲ್ಲಿ ಅವನು ರಂಜಕ ಮತ್ತು ಗಂಧಕಗಳನ್ನು ಉರಿಸಿ, ಉರಿದ ಮೇಲೆ ಅವುಗಳ ತೂಕ ಹೆಚ್ಚಾಗಿರುವುದನ್ನು ಕಂಡು, ಆ ಮಾತನ್ನು ಬರೆದು ಮುದ್ರೆಯೊತ್ತಿ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ. 1774ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮವನ್ನು ದೊಡ್ಡ ಮಸೂರದ ಬಿಸಿಲಿನಲ್ಲಿ ಕಾಯಿಸಿ, ಬತ್ತಿಯನ್ನು ಬಹಳ ಪ್ರಖರವಾಗಿ ಉರಿಸುವ ಗಾಳಿಯನ್ನು ಪಡೆದ. ಸ್ವೀಡನ್ನಿನ ಶೀಲೆ ಅದಕ್ಕೂ ಮೊದಲೇ ಅದನ್ನು ಮಾಡಿದ್ದರೂ ಅವನ ಪುಸ್ತಕ 1777ರವರೆಗೆ ಹೊರಬರಲಿಲ್ಲ. ಆ ಗಾಳಿ ಏನೆಂದು ಅರ್ಥ ಮಾಡಿದವನು ಲಾವೋಸಿಯೆ. ಅವನು ಮುಚ್ಚಿದ ಪಾತ್ರೆಯಲ್ಲಿ ಪಾದರಸವನ್ನು ಹನ್ನೆರಡು ದಿನ ಕಾಯಿಸಿದಾಗ ಗಾಳಿಯ ಸುಮಾರು ಆರರಲ್ಲೊಂದು ಪಾಲು ಕಡಿಮೆಯಾಯಿತು, ಉಳಿದ ಗಾಳಿಯಲ್ಲಿ ಬತ್ತಿ ಉರಿಯಲಿಲ್ಲ. ಅವನು ಮೇಣದಬತ್ತಿಯನ್ನು ಬಿಟ್ಟು ಪಾದರಸವನ್ನು ಆರಿಸಿಕೊಂಡದ್ದನ್ನು ಗಮನಿಸಿ: ಉಪನ್ಯಾಸಕರು ಹೇಳಿದ ತುಕ್ಕಿನ ಹಾಗೆ ಅಲ್ಲಿಯೂ ಅನಿಲ ಮರಳಿ ಹುಟ್ಟುವುದಿಲ್ಲ.

ಪೋಷಕ, ಬೆಂಗಳೂರು

ನನ್ನ ಮಗ ಎಂಟನೆಯ ತರಗತಿ. ಈ ಚರ್ಚೆಯನ್ನು ಅವನಿಗೆ ಓದಿ ಹೇಳಿದೆ. ಅವನ ಪ್ರಶ್ನೆ ಇದು: ರಂಜಕ ಉರಿದರೆ ತೂಕ ಹೆಚ್ಚುತ್ತದೆ ಎನ್ನುವುದಾದರೆ, ದೇವರ ಮುಂದೆ ಹಚ್ಚಿದ ಕರ್ಪೂರ ಏನೂ ಉಳಿಯದಂತೆ ಮಾಯವಾಗುವುದೇಕೆ?

ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಕರ್ಪೂರವೂ ಮಾಯವಾಗುವುದಿಲ್ಲ, ಕಣ್ಣಿಗೆ ಕಾಣದ ರೂಪದಲ್ಲಿ ಹೊರಡುತ್ತದೆ. ಅದರ ಅಣುವಿನಲ್ಲಿ ಇಂಗಾಲ, ಜಲಜನಕ, ಒಂದಿಷ್ಟು ಆಮ್ಲಜನಕ ಇವಿಷ್ಟೇ ಇರುವುದರಿಂದ ಉರಿದಾಗ ಬರುವುದೆಲ್ಲ ಅನಿಲ ಮತ್ತು ಆವಿ. ಜೊತೆಗೆ ಆರತಿ ತಟ್ಟೆಗೆ ಹಿಡಿಯುವ ಮಸಿ. ಕಟ್ಟಿಗೆಯಲ್ಲಿ ಮರವು ಮಣ್ಣಿನಿಂದ ಹೀರಿದ ಖನಿಜಗಳಿರುವ ಕಾರಣ ಬೂದಿ ಉಳಿಯುತ್ತದೆ.

ಮೇಣದಬತ್ತಿಯ ಲೆಕ್ಕವನ್ನು ತೂಕದಲ್ಲಿ ಮಾಡಿದರೆ ನಿಮ್ಮ ಮಗನಿಗೆ ಸೋಜಿಗವಾಗಬಹುದು. ನಾನು ಮೇಲೆ ಹೇಳಿದ ಅಣುವಿನಂತೆ 352 ಗ್ರಾಂ ಮೇಣ ಉರಿಯಲು 1216 ಗ್ರಾಂ ಆಮ್ಲಜನಕ ಬೇಕು. ಹುಟ್ಟುವುದು 1100 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 468 ಗ್ರಾಂ ನೀರು. ಕೂಡಿಸಿದರೆ ಎರಡೂ ಕಡೆ 1568 ಗ್ರಾಂ. ಅಂದರೆ ಉರಿಯುವ ಬತ್ತಿ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹುಟ್ಟಿಸುತ್ತದೆ! ಬೆಂಕಿಯಿಂದ ನೀರು ಎಂದರೆ ಮಕ್ಕಳು ನಗುತ್ತಾರೆ, ಆಗ ತಣ್ಣನೆಯ ಸ್ಟೀಲ್ ಲೋಟವನ್ನು ಒಂದು ಕ್ಷಣ ಜ್ವಾಲೆಯ ಮೇಲೆ ಹಿಡಿದು ಅದರ ಮೈ ಮಂಜಾಗುವುದನ್ನು ತೋರಿಸಿ. ಇಂಗಾಲದ ಡೈಆಕ್ಸೈಡಿಗೆ ಸುಣ್ಣದ ತಿಳಿನೀರು ಬೇಕು. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರೆ ಸಾಕು.

ಅಗ್ನಿಶಾಮಕ ದಳದ ನಿವೃತ್ತ ನೌಕರ, ಶಿವಮೊಗ್ಗ

ನಾನು ರಸಾಯನಶಾಸ್ತ್ರ ಓದಿದವನಲ್ಲ, ಬೆಂಕಿಯನ್ನು ನೋಡಿದವನು. ಉರಿಯುವ ವಸ್ತು, ಗಾಳಿ, ಬಿಸಿ ಎಂಬ ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳುತ್ತಿದ್ದರು. ಇಲ್ಲಿಯವರೆಗಿನ ಚರ್ಚೆಯೆಲ್ಲ ಗಾಳಿಯ ಸುತ್ತಲೇ ನಡೆದಿದೆ, ಬಿಸಿಯ ವಿಷಯ ಬಂದಿಲ್ಲ.

ಪ್ರತಿ ವಸ್ತುವೂ ಹೊತ್ತಿಕೊಳ್ಳಲು ಕನಿಷ್ಠ ಇಷ್ಟು ಕಾಯಬೇಕು ಎಂಬ ಮಟ್ಟವಿದೆ, ಪಠ್ಯದಲ್ಲಿ ಅದನ್ನು ಜ್ವಲನ ತಾಪ ಎನ್ನುತ್ತಾರೆ. ಬಿಳಿ ರಂಜಕಕ್ಕೆ ಸುಮಾರು 30 ಡಿಗ್ರಿ ಸಾಕು, ಹಾಗಾಗಿಯೇ ಅದನ್ನು ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಕಾಗದಕ್ಕೆ 230 ಡಿಗ್ರಿಯ ಹತ್ತಿರ ಬೇಕು. ಕಾಗದದ ದೊನ್ನೆಯಲ್ಲಿ ನೀರು ಹಾಕಿ ದೀಪದ ಮೇಲೆ ಹಿಡಿದರೆ ನೀರು ಕುದಿಯುತ್ತದೆಯೇ ಹೊರತು ದೊನ್ನೆ ಹೊತ್ತುವುದಿಲ್ಲ, ಏಕೆಂದರೆ ನೀರು ಇರುವವರೆಗೆ ಕಾಗದ 100 ಡಿಗ್ರಿಯಿಂದ ಹೆಚ್ಚು ಮೇಲೇರುವುದಿಲ್ಲ. ನಾವು ಉರಿಯುವ ಮನೆಗೆ ನೀರು ಹೊಡೆಯುವುದೂ ಮುಖ್ಯವಾಗಿ ಇದೇ ಕಾರಣಕ್ಕೆ, ವಸ್ತುವನ್ನು ಆ ಮಟ್ಟದ ಕೆಳಗೆ ಇಳಿಸುವುದಕ್ಕೆ.

ಆದರೆ ಜ್ವಲನ ತಾಪವೊಂದನ್ನೇ ಹಿಡಿದು ಅಪಾಯವನ್ನು ಅಳೆಯಬಾರದು. ತಾನಾಗಿ ಹೊತ್ತಿಕೊಳ್ಳಲು ಪೆಟ್ರೋಲಿಗೆ 250 ಡಿಗ್ರಿಗೂ ಹೆಚ್ಚು ಬೇಕು, ಸೀಮೆಎಣ್ಣೆಗೆ 220ರ ಆಸುಪಾಸು ಸಾಕು. ಹಾಗೆಂದು ಸೀಮೆಎಣ್ಣೆಯೇ ಹೆಚ್ಚು ಅಪಾಯಕಾರಿ ಎಂದರೆ ಯಾರೂ ನಂಬರು. ಉರಿಯುವುದು ದ್ರವವಲ್ಲ, ಅದರ ಆವಿ. ಪೆಟ್ರೋಲು ಹೊರಗೆ ಹಿಮ ಸುರಿಯುವಷ್ಟು ಚಳಿಯಿದ್ದರೂ ಕಿಡಿಗೆ ಸಿಗುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಯಿಂದ ಅಷ್ಟು ಆವಿ ಏಳಬೇಕಾದರೆ ಅದು ಸುಮಾರು 35 ಡಿಗ್ರಿಯನ್ನಾದರೂ ದಾಟಬೇಕು.

ಇನ್ನೊಂದು ವಿಷಯ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಎಂದು ಮಕ್ಕಳಿಗೆ ಹೇಳುತ್ತೇವೆ, ಏಕೆ ಎಂದು ಹೇಳುವುದಿಲ್ಲ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯ ಗಾತ್ರ ನೀರಿನ ಗಾತ್ರದ ಸುಮಾರು 1700 ಪಟ್ಟು. ಅದು ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು.

ವಿಜ್ಞಾನ ಶಿಕ್ಷಕಿ, ತಿಪಟೂರು

ಎಲ್ಲರಿಗೂ ಕೃತಜ್ಞತೆಗಳು. ಆವಿಯೇ ಉರಿಯುತ್ತದೆ ಎಂಬ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ನಮ್ಮದು ಕೊಬ್ಬರಿಯ ಸೀಮೆ, ಮಕ್ಕಳಿಗೆ ಕರಟದ ಬೆಂಕಿ ಹೊಸದಲ್ಲ. ಒಣ ಕರಟ ಮೊದಲು ಭರ್ರೆಂದು ಜ್ವಾಲೆ ಎಬ್ಬಿಸಿ, ಆಮೇಲೆ ಜ್ವಾಲೆಯಿಲ್ಲದ ಕೆಂಡವಾಗಿ ಗಂಟೆಗಟ್ಟಲೆ ಕಾಯುವುದೇಕೆ ಎಂದು ನಾನೇ ಕೇಳಿದೆ. ಬಿಸಿಗೆ ಕರಟದಿಂದ ಹೊರಬಂದ ಅನಿಲಗಳು ಉರಿಯುವಾಗ ಜ್ವಾಲೆ, ಅವು ಮುಗಿದ ಮೇಲೆ ಉಳಿದ ಇಂಗಾಲ ತನ್ನ ಮೈಮೇಲೆಯೇ ಉರಿಯುವಾಗ ಕೆಂಡ ಎಂದು ಚರ್ಚಿಸುತ್ತಾ ತಲುಪಿದೆವು. ಮೇಣದಬತ್ತಿಯನ್ನು ಊದಿ ಆರಿಸಿ, ಏಳುವ ಬಿಳಿ ಎಳೆಗೆ ಕಡ್ಡಿ ಗೀರಿ ಹಿಡಿದಾಗ ಬೆಂಕಿ ಆ ಎಳೆಯ ಮೇಲೆ ನಡೆದುಬಂದು ಬತ್ತಿಯನ್ನು ಹೊತ್ತಿಸಿದ್ದಕ್ಕೆ ಇಡೀ ತರಗತಿ ಚಪ್ಪಾಳೆ ತಟ್ಟಿತು.

ಲೋಟದ ಪ್ರಯೋಗವನ್ನು ಮತ್ತೆ ಮಾಡಿದೆವು. ಮೂರು ಬತ್ತಿಗೆ ನೀರು ಒಂದಕ್ಕಿಂತ ಚೆನ್ನಾಗಿಯೇ ಹೆಚ್ಚು ಏರಿತು. ಆಮೇಲೆ ಪ್ರಶ್ನೆ ಕೇಳಿದ ಹುಡುಗಿಯೇ, "ಬತ್ತಿಯೇ ಇಲ್ಲದೆ ಮಾಡಿ ನೋಡೋಣವೇ?" ಎಂದಳು. ಸ್ಟೀಲ್ ಲೋಟಕ್ಕೆ ಕುದಿಯುವ ನೀರು ಹುಯ್ದು, ಒಂದು ನಿಮಿಷ ಬಿಟ್ಟು ಚೆಲ್ಲಿ, ತಕ್ಷಣ ತಟ್ಟೆಯ ನೀರಿನಲ್ಲಿ ಬೋರಲು ಹಾಕಿದೆವು. ಸ್ಟೀಲಾದ್ದರಿಂದ ಒಳಗೆ ಕಾಣುವುದಿಲ್ಲ, ಆದರೆ ತಟ್ಟೆಯ ನೀರು ಒಳಕ್ಕೆ ಹೋಗಿ ಕಡಿಮೆಯಾಗುವುದು ಎಲ್ಲರಿಗೂ ಕಂಡಿತು. ಏನೂ ಉರಿದಿರಲಿಲ್ಲ.

ಪೋಷಕ, ಬೆಂಗಳೂರು

ಹಾಗಾದರೆ ಒಂದು ಮನೆಯ ಪ್ರಶ್ನೆ. ನಮ್ಮ ಗ್ಯಾಸ್ ಒಲೆಯ ಉರಿ ಕೆಲವು ದಿನಗಳಿಂದ ನೀಲಿಯ ಬದಲು ಹಳದಿಯಾಗಿ, ಪಾತ್ರೆಯ ತಳ ಮಸಿ ಹಿಡಿಯುತ್ತಿದೆ. ಇದಕ್ಕೂ ದಹನದ ಪಾಠಕ್ಕೂ ಸಂಬಂಧವಿದೆಯೇ? ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಕೂಡ ಇದೆ.

ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ನೇರವಾದ ಸಂಬಂಧವಿದೆ. ಅಡುಗೆ ಅನಿಲವೆಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನ ಒಂದು ಅಣುವಿಗೆ ಆಮ್ಲಜನಕದ ಐದು ಅಣುಗಳು ಬೇಕು, ಅಂದರೆ ಒಂದು ಲೀಟರ್ ಅನಿಲಕ್ಕೆ ಸುಮಾರು 24 ಲೀಟರ್ ಗಾಳಿ. ಬರ್ನರಿಗೆ ಬರುವ ಮೊದಲೇ ಸಾಕಷ್ಟು ಗಾಳಿ ಬೆರೆತರೆ ಉರಿ ನೀಲಿ. ಗಾಳಿ ಸಾಲದಿದ್ದರೆ ಇಂಗಾಲದ ಕಣಗಳು ಉರಿಯದೆ ಉಳಿದು, ಬಿಸಿಗೆ ಹಳದಿಯಾಗಿ ಹೊಳೆದು, ಪಾತ್ರೆಗೆ ಮಸಿಯಾಗಿ ಅಂಟುತ್ತವೆ. ಮೇಣದಬತ್ತಿಯ ಹಳದಿ ಬೆಳಕೂ ಅದೇ ಕಣಗಳದ್ದು. ಬರ್ನರಿನ ರಂಧ್ರಗಳನ್ನೂ ಗಾಳಿ ಒಳಹೋಗುವ ಕಿಂಡಿಯನ್ನೂ ಸ್ವಚ್ಛ ಮಾಡಿಸಿ.

ಗೀಸರಿನ ವಿಷಯದಲ್ಲಿ ಎಚ್ಚರದಿಂದಿರಿ. ಮುಚ್ಚಿದ ಬಚ್ಚಲುಮನೆಯಲ್ಲಿ ಆಮ್ಲಜನಕ ಇಳಿಯುತ್ತಾ ಹೋದಂತೆ ಇಂಗಾಲದ ಡೈಆಕ್ಸೈಡಿನ ಜೊತೆಗೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತಿದ್ದು ಏಕೆಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಗೀಸರನ್ನು ಹೊರಗೆ, ಗಾಳಿಯಾಡುವ ಕಡೆ ಕೂರಿಸಿ, ಬಿಸಿನೀರನ್ನು ಮಾತ್ರ ಒಳಗೆ ತರುವುದು ಸರಿಯಾದ ಕ್ರಮ.

ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

ಸ್ಟೀಲ್ ಲೋಟದ ಪ್ರಯೋಗವನ್ನು ನಾನೂ ಅಡುಗೆಮನೆಯಲ್ಲಿ ಮಾಡಿದೆ. ಐದರಲ್ಲೊಂದರ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಸರಳೀಕರಣದ ಮಾತನ್ನಲ್ಲ!

ಶಿಕ್ಷಕಿಯವರಲ್ಲಿ ಒಂದು ವಿಚಾರಣೆ. ಪರೀಕ್ಷೆಯಲ್ಲಿ ಆ ಹುಡುಗಿ "ಬಿಸಿ ಗಾಳಿ ತಣಿದು ಕುಗ್ಗಿದ್ದರಿಂದ" ಎಂದು ಬರೆದು, ಮೌಲ್ಯಮಾಪಕರ ಕೈಯಲ್ಲಿರುವ ಉತ್ತರ ಹಳೆಯದೇ ಆಗಿದ್ದರೆ ಅಂಕ ಹೋಗುವುದು ಅವಳದ್ದು. ಅದಕ್ಕೇನು ಮಾಡುತ್ತೀರಿ?

ವಿಜ್ಞಾನ ಶಿಕ್ಷಕಿ, ತಿಪಟೂರು

ಸರ್, ಎಂಟನೆಯ ತರಗತಿಯ ಉತ್ತರ ಪತ್ರಿಕೆಯನ್ನು ತಿದ್ದುವವಳು ನಾನೇ, ಆದ್ದರಿಂದ ಈ ವರ್ಷಕ್ಕೆ ಆ ಚಿಂತೆಯಿಲ್ಲ. ಬತ್ತಿ ಆರಿದ್ದೇಕೆ ಎಂದು ಒಂದು ಪ್ರಶ್ನೆ, ನೀರು ಏರಿದ್ದೇಕೆ ಎಂದು ಇನ್ನೊಂದು ಪ್ರಶ್ನೆ ಹೀಗೆ ಬೇರೆ ಬೇರೆಯಾಗಿ ಕೇಳಲು ನಿರ್ಧರಿಸಿದ್ದೇನೆ. ಉಕ್ಕಿನ ನಾರಿನ ಪ್ರಯೋಗವನ್ನು ಸೋಮವಾರ ಇಡುತ್ತೇವೆ. ಪಾತ್ರೆ ಉಜ್ಜುವ ನಾರೇ ಆಗುತ್ತದೆಯೇ?

ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ

ಸೋಪು ಸೇರಿಸಿದ ನಾರು ಬೇಡ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಸುರುಳಿಯಂತೂ ಬೇಡವೇ ಬೇಡ, ಅದರಲ್ಲಿ ವಾರವಾದರೂ ಏನೂ ನಡೆಯದು. ಮರಕ್ಕೆ ಪಾಲಿಶ್ ಮಾಡುವವರು ಬಳಸುವ ನುಣುಪಾದ ಉಕ್ಕಿನ ನಾರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ತೆಳುವಾಗಿ ಎಣ್ಣೆ ಸವರಿರುವುದರಿಂದ ವಿನೆಗರಿನಲ್ಲಿ ಒಂದೆರಡು ನಿಮಿಷ ನೆನೆಸಿ, ಚೆನ್ನಾಗಿ ಕೊಡವಿ ಹಾಕಿ. ಮರುದಿನ ಅಳೆಯುವ ಮುನ್ನ ನಳಿಕೆಯನ್ನು ಮೇಲೆ ಕೆಳಗೆ ಸರಿಸಿ ಒಳಗಿನ ನೀರಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿದ್ದು ಅಳತೆ ತುಸು ತಪ್ಪುತ್ತದೆ. ಬೆಳಗ್ಗೆ ಇಟ್ಟ ಹೊತ್ತಿನ ಬಿಸಿಲು ಮತ್ತು ಅಳೆಯುವ ಹೊತ್ತಿನ ಬಿಸಿಲು ಒಂದೇ ಆಗಿರಲಿ. ಫಲಿತಾಂಶವನ್ನು ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.